ನಿಮಗೇನು ಇಷ್ಟ?

ಐವತ್ತೆರಡನೆಯ ವಯಸ್ಸಿಗೆ ಪಿಯಾನೋ ಕಲಿಯಲು ಹೊರಟ ಹೆಂಗಸನ್ನು ಕಂಡರೆ ನಮ್ಮ ಮೈಸೂರಿನಲ್ಲಿ ಜನ ಎರಡು ಮಾತು ಆಡುತ್ತಾರೆ. ಎದುರಿಗೆ, "ಒಳ್ಳೇದು ಕಣ್ರೀ, ಕಲಿಯೋಕೆ ವಯಸ್ಸೇನು?" ಬೆನ್ನ ಹಿಂದೆ, "ಮನೇಲಿ ಕೆಲಸ ಕಡಿಮೆ ಆಗಿರಬೇಕು." ಎರಡನೆಯದೇ ಹೆಚ್ಚು ನಿಜ. ಮಗಳು ಕೆಲಸಕ್ಕೆಂದು ಪುಣೆಗೆ ಹೋಗಿದ್ದಳು. ಎಂಟು ವರ್ಷ ನನ್ನ ಜೊತೆಯಲ್ಲೇ ಇದ್ದ ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಅಮ್ಮನ ಮಾತ್ರೆ, ಅಮ್ಮನ ಗಂಜಿ, ಅಮ್ಮನ ಕಾಲಿಗೆ ಎಣ್ಣೆ ಎಂದು ತುಂಬಿರುತ್ತಿದ್ದ ಮಧ್ಯಾಹ್ನಗಳು ಇದ್ದಕ್ಕಿದ್ದಂತೆ ಖಾಲಿಯಾಗಿದ್ದವು. ಹಾಲಿನ ಮೂಲೆಯಲ್ಲಿ ಮಗಳು ಬಿಟ್ಟುಹೋದ ಎಲೆಕ್ಟ್ರಿಕ್ ಪಿಯಾನೋ ಇತ್ತು. ಅದರ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆಗಳ ರಾಶಿ. ಒಂದು ದಿನ ಬಟ್ಟೆ ತೆಗೆದು ಧೂಳು ಒರೆಸಿದೆ. ಹಾಗೆ ಶುರುವಾಯಿತು.

ಟೀಚರಿಗೆ ಎಪ್ಪತ್ತು ದಾಟಿದೆ. ಬಹಳ ವರ್ಷ ಚರ್ಚಿನಲ್ಲಿ ಆರ್ಗನ್ ನುಡಿಸಿದವರು. ಮೊದಲ ಆರು ತಿಂಗಳು ಎಂಟೊಂಬತ್ತು ವರ್ಷದ ಮಕ್ಕಳ ಜೊತೆ ಕೂತು, ಕರಡಿಮರಿಯ ಕುಣಿತ, ಬಾತುಕೋಳಿಯ ನಡಿಗೆ ಎಂಬಂಥ ಪಾಠಗಳನ್ನು ಕುಟ್ಟಿದೆ. ಆಮೇಲೊಂದು ದಿನ ಅವರು ಪುಸ್ತಕ ಮುಚ್ಚಿ ಕೇಳಿದರು: "ಇನ್ನು ನಿಮಗೆ ಏನು ನುಡಿಸಬೇಕು ಅಂತ ಇಷ್ಟ, ಹೇಳಿ."

ನಾನು ಕಕ್ಕಾಬಿಕ್ಕಿಯಾದೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತದ ಪಾಠ ಹೇಳಿಸಿಕೊಂಡವಳು ನಾನು. ಅಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಸರಳೆ ಆದ ಮೇಲೆ ಜಂಟಿ, ಜಂಟಿ ಆದ ಮೇಲೆ ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಹಿರಿಯರು ಹಾಕಿದ ದಾರಿ, ಮೇಷ್ಟ್ರು ಹೇಳಿದ ಪಾಠ. ಸೀರೆ ಅಂಗಡಿಯಲ್ಲಿ ಕೂತರೆ ನಾದಿನಿಗೆ ಯಾವ ಬಣ್ಣ ಒಪ್ಪುತ್ತದೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಮನೆಯವರಿಗೆ ಹುಳಿಯಲ್ಲಿ ನುಗ್ಗೇಕಾಯಿ, ಮಗಳಿಗೆ ಗರಿಗರಿ ದೋಸೆ, ಅಮ್ಮನಿಗೆ ಮೆತ್ತಗೆ ಬೆಂದ ಅನ್ನ, ಎಲ್ಲ ಬಾಯಿಪಾಠ. ನನಗೇನು ಇಷ್ಟವೆಂದು ಯಾರೂ ಕೇಳಲಿಲ್ಲ ಎಂದು ದೂರಲಾರೆ. ಕೇಳಿದ್ದಾರೆ. ಕೇಳಿದಾಗಲೆಲ್ಲ "ನಂಗೆ ಏನಾದ್ರೂ ಸರಿ" ಎಂದು ಹೇಳಿದವಳು ನಾನೇ. ಆದರೆ ಪಿಯಾನೋದ ಮುಂದೆ ಆ ಮಾತು ನಡೆಯುವುದಿಲ್ಲ. ಸಾವಿರಾರು ಕೃತಿಗಳಿವೆ. ಏನಾದರೂ ಸರಿ ಎಂದರೆ ಏನೂ ಆಗುವುದಿಲ್ಲ.

ಬಾಯಿಗೆ ಬಂದದ್ದನ್ನು ಹೇಳಿದೆ: "ಬೆಥೋವನ್ನಂದು ಇದೆಯಲ್ಲ, ಫ್ಯೂರ್ ಎಲೀಸ್, ಎಲ್ಲರಿಗೂ ಗೊತ್ತಿರೋದು."

ಟೀಚರ್ ನಕ್ಕರು. "ಎಲ್ಲರಿಗೂ ಗೊತ್ತಿರೋದು ಮೊದಲ ಪುಟ. ಉಳಿದದ್ದನ್ನೂ ಬೆಥೋವನ್ನೇ ಬರೆದಿದಾನೆ, ನೋಡಿಕೊಳ್ಳಿ." ಬೆಥೋವನ್ ಅದನ್ನು ಬರೆದದ್ದು 1810ರಲ್ಲಿ. ಅಚ್ಚಾದದ್ದು 1867ರಲ್ಲಿ, ಅವನು ತೀರಿಕೊಂಡು ನಲವತ್ತು ವರ್ಷವಾದ ಮೇಲೆ. ಆ ಎಲೀಸ್ ಯಾರೆಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ನಾನಂತೂ ನಾಲ್ಕು ತಿಂಗಳು ಆ ಹುಡುಗಿಯ ಬೆನ್ನು ಬಿದ್ದೆ.

ಗೌರಿ ಹಬ್ಬಕ್ಕೆ ನಂಟರೆಲ್ಲ ಸೇರಿದ್ದರು. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ, ಬೇಡ ಬೇಡವೆನ್ನುತ್ತಲೇ ಹೋಗಿ ಕೂತೆ. ಮೊದಲ ನಾಲ್ಕು ಸ್ವರ ಹೊರಟಿತೋ ಇಲ್ಲವೋ, ಅಡುಗೆಮನೆಯಿಂದ ಅತ್ತಿಗೆ ಕೂಗಿದರು: "ಯಾರೋ ಗೇಟ್ ಹತ್ರ ಕಾರು ಹಿಂದಕ್ಕೆ ತಗೋತಿದಾರೆ ನೋಡ್ರೋ, ತುಳಸಿಕಟ್ಟೆಗೆ ಗುದ್ದಿಬಿಟ್ಟಾರು!" ಪಾಪ, ಅವರದೇನೂ ತಪ್ಪಿಲ್ಲ. ಎದುರುಮನೆಯ ಕಾರು ಹಿಂದಕ್ಕೆ ಸರಿಯುವಾಗಲೆಲ್ಲ ನುಡಿಸುತ್ತಿದ್ದದ್ದು ಅದನ್ನೇ. ಮನೆ ತುಂಬ ನಗು, ನಾನೂ ನಕ್ಕೆ. ನಗುತ್ತಲೇ ಎರಡನೆಯ ಭಾಗಕ್ಕೆ ಬಂದೆ. ಅಲ್ಲಿ ಸ್ವರಗಳು ಚಕಚಕನೆ ಓಡಬೇಕು. ನನ್ನ ಬೆರಳು ತಡವರಿಸಿತು, ಇನ್ನೊಮ್ಮೆ ತಡವರಿಸಿತು, ನಿಂತೇಹೋಯಿತು. "ಪರವಾಗಿಲ್ಲ ಬಿಡೇ, ಚೆನ್ನಾಗಿತ್ತು" ಎಂದರು ಚಿಕ್ಕಮ್ಮ. ಆ "ಪರವಾಗಿಲ್ಲ"ವೇ ನನಗೆ ನಾಟಿದ್ದು.

ರಾತ್ರಿ ಪಾತ್ರೆ ತೊಳೆಯುತ್ತ ಯೋಚಿಸಿದೆ. ನನಗೆ ಆ ಕೃತಿ ನಿಜವಾಗಿ ಇಷ್ಟವೇ? ಕೇಳಿದವರು ಗುರುತು ಹಿಡಿಯಲಿ, ತಲೆದೂಗಲಿ ಎಂದು ಆರಿಸಿದ್ದು ತಾನೆ? ಅಲ್ಲೂ ಬಡಿಸಲು ಹೊರಟಿದ್ದೆ ನಾನು!

ಜೊತೆಗೆ ಇನ್ನೊಂದು ಲೆಕ್ಕ ಹೊಳೆಯಿತು. ಒಂದು ಕೃತಿಗೆ ನಾಲ್ಕು ತಿಂಗಳು ಎಂದರೆ ವರ್ಷಕ್ಕೆ ಮೂರು. ಕೈಬೆರಳು ಮಾತು ಕೇಳುವುದು ಇನ್ನು ಇಪ್ಪತ್ತು ವರ್ಷ ಎಂದುಕೊಂಡರೂ ಒಟ್ಟು ಅರವತ್ತು. ಒಂಬತ್ತು ವರ್ಷದ ಮಗು ಯಾವುದನ್ನಾದರೂ ಕಲಿತು ಮರೆಯಬಹುದು. ನಾನು ಅರವತ್ತನ್ನು ಎಣಿಸಿ ಖರ್ಚು ಮಾಡಬೇಕು. ತಿಂಗಳ ಕೊನೆಯಲ್ಲಿ ಪರ್ಸಿನ ನೋಟು ಎಣಿಸುವ ನಮಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ.

ಮುಂದಿನ ವಾರ ಟೀಚರಿಗೆ ಎಲ್ಲ ಹೇಳಿದೆ. ಅವರು ಮೊದಲು ನನ್ನ ಕೈ ಹಿಡಿದು ಕೀಗಳ ಮೇಲೆ ಅಗಲಿಸಿದರು. ಹೆಬ್ಬೆರಳಿನಿಂದ ಕಿರುಬೆರಳಿಗೆ ಎಂಟು ಬಿಳಿ ಕೀಗಳು, ಅದೂ ಕಷ್ಟದಲ್ಲಿ. "ಇದಕ್ಕಿಂತ ದೊಡ್ಡ ಕೈಗೆ ಬರೆದದ್ದನ್ನ ಮುಟ್ಟಬೇಡಿ, ಮಣಿಕಟ್ಟು ಹೋಗುತ್ತೆ. ಅದರಲ್ಲಿ ಅವಮಾನ ಏನಿಲ್ಲ" ಎಂದರು. ಯೋಸೆಫ್ ಹಾಫ್‌ಮನ್ ಎಂಬ ಮಹಾ ವಾದಕನ ಕೈ ಚಿಕ್ಕದಿತ್ತಂತೆ. ಸ್ಟೀನ್‌ವೇ ಕಂಪನಿಯವರು ಅವನಿಗಾಗಿ ಕೀಗಳನ್ನು ಕಿರಿದು ಮಾಡಿ ಪಿಯಾನೋ ಕಟ್ಟಿಕೊಟ್ಟರಂತೆ. ನಮಗೆ ಯಾರು ಕಟ್ಟಿಕೊಡುತ್ತಾರೆ? ನಮ್ಮ ಅಳತೆಗೆ ತಕ್ಕ ಕುಪ್ಪಸವನ್ನು ನಾವೇ ಹುಡುಕಿಕೊಳ್ಳಬೇಕು.

ಆಮೇಲೆ ಅವರೊಂದು ಕ್ರಮ ಹೇಳಿದರು. ಕೈಯಲ್ಲಿ ಯಾವಾಗಲೂ ಮೂರು ಇರಬೇಕು. ಎರಡು ವಾರದಲ್ಲಿ ಬರುವಂಥ ಸುಲಭದ್ದೊಂದು, ಧೈರ್ಯಕ್ಕೆ. ಎರಡು ಮೂರು ತಿಂಗಳು ದುಡಿಸುವಂಥದ್ದೊಂದು, ಅಭ್ಯಾಸಕ್ಕೆ. ದಿನಕ್ಕೆ ಎರಡೇ ಸಾಲು ನೋಡುತ್ತ ವರ್ಷಗಟ್ಟಲೆ ಇಟ್ಟುಕೊಳ್ಳುವಂಥದ್ದೊಂದು, ಆಸೆಗೆ. ಫ್ಯೂರ್ ಎಲೀಸನ್ನು ನಾನು ಧೈರ್ಯದ ಡಬ್ಬದಲ್ಲಿ ಹಾಕಿದ್ದೆ. ಅದು ಇರಬೇಕಾದದ್ದು ಆಸೆಯ ಡಬ್ಬದಲ್ಲಿ.

ಸುಲಭದ್ದೆಂದು ಅವರು ಕೊಟ್ಟದ್ದು ಮಿನ್ಯುಯೆಟ್ ಎಂಬ ಕುಣಿತದ ಧಾಟಿಯ ಎರಡು ಸಾಲಿನ ಒಂದು ಪುಟ್ಟ ರಚನೆ. ಬಹಳ ಕಾಲ ಅದು ಮಹಾನುಭಾವ ಬಾಖ್‌ನದೆಂದೇ ಎಲ್ಲರೂ ನಂಬಿದ್ದರು. ಅದು ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬುವನದೆಂದು ಗೊತ್ತಾದದ್ದು 1970ರ ದಶಕದಲ್ಲಿ. ಗೊಂದಲಕ್ಕೆ ಕಾರಣ ಒಂದು ನೋಟುಬುಕ್ಕು. ಬಾಖ್‌ನ ಎರಡನೆಯ ಹೆಂಡತಿ ಆನ್ನಾ ಮಗ್ದಲೇನಾ ಅರಮನೆಯಲ್ಲಿ ಸಂಬಳಕ್ಕಿದ್ದ ಗಾಯಕಿ. ಮದುವೆಯಾಗಿ ಹದಿಮೂರು ಮಕ್ಕಳನ್ನು ಹೆತ್ತಳು, ಏಳನ್ನು ಕಳೆದುಕೊಂಡಳು. ಅವಳಿಗೆಂದು 1725ರಲ್ಲಿ ಶುರುವಾದ ಪುಸ್ತಕದಲ್ಲಿ ಅವಳು ಮನೆಯಲ್ಲಿ ನುಡಿಸಲು ಹಾಡಲು ಬೇಕಾದದ್ದನ್ನೆಲ್ಲ ನಕಲು ಮಾಡಿಟ್ಟುಕೊಂಡಳು. ಈ ಮಿನ್ಯುಯೆಟ್ಟಿನ ಮೇಲೆ ಬರೆದವನ ಹೆಸರಿರಲಿಲ್ಲ.

ಕೇಳುತ್ತಿದ್ದ ಹಾಗೆ ನನಗೆ ಅಮ್ಮನ ಹಾಡಿನ ಪುಸ್ತಕ ನೆನಪಾಯಿತು. ಎಣ್ಣೆಕಲೆಯ ಉದ್ದನೆಯ ನೋಟುಬುಕ್ಕು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ದೇವರನಾಮ, ನಡುವೆ ಮೆಂತ್ಯದ ಹಿಟ್ಟಿನ ಅಳತೆ. ಯಾವುದಕ್ಕೂ ಬರೆದವರ ಹೆಸರಿಲ್ಲ. ಅಮ್ಮನಿಗೆ ಅದು ಬೇಕಾಗಿರಲೇ ಇಲ್ಲ. ಇಷ್ಟವಾದದ್ದನ್ನು ಬರೆದುಕೊಂಡಳು, ಅಷ್ಟೆ. ಹಾಗಾದರೆ ಅಮ್ಮ ಆರಿಸಿಕೊಂಡಿದ್ದಳಲ್ಲ! ನನಗಿಂತ ಕಡಿಮೆ ಓದಿದವಳು, ತನಗೇನು ಬೇಕೆಂದು ನೂರು ಪುಟ ಬರೆದಿಟ್ಟಿದ್ದಳು.

"ಹೆಸರು ದೊಡ್ಡದಾಗಿರಬೇಕು ಅಂತೇನಿಲ್ಲ" ಎಂದರು ಟೀಚರ್. "ನಿಮ್ಮೂರ ಮಹಾರಾಜರನ್ನೇ ನೋಡಿ." ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯನ್ ಸಂಗೀತಗಾರ ವಯಸ್ಸಾಗಿ, ಜನರ ಮನಸ್ಸಿನಿಂದ ದೂರವಾಗಿದ್ದ ಕಾಲದಲ್ಲಿ, 1940ರ ದಶಕದ ಕೊನೆಯಲ್ಲಿ, ಅವನ ಸಂಗೀತ ಧ್ವನಿಮುದ್ರಣವಾಗಲು ಹಣ ಕೊಟ್ಟವರು ಇವರು. ಅವನು ತನ್ನ 3ನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಲೋಕ ಯಾರನ್ನು ಹೊಗಳುತ್ತದೆಂದು ನೋಡದೆ ತಮ್ಮ ಕಿವಿ ಹೇಳಿದ್ದನ್ನು ನಂಬಿದರು. ಅವರು ಅರಸರು, ನಂಬಬಹುದಿತ್ತು ಎನ್ನಿ. ಆದರೆ ಕಿವಿ ಎಲ್ಲರಿಗೂ ಇದೆಯಷ್ಟೆ.

ಎರಡನೆಯದನ್ನು, ಅಭ್ಯಾಸದ ಕೃತಿಯನ್ನು, ಆರಿಸಿದ್ದು ಒಂದು ಮಳೆಯ ಸಂಜೆ. ಪಾಠ ಮುಗಿದಿತ್ತು, ಮಳೆ ಬಿಟ್ಟಿರಲಿಲ್ಲ. "ನಾನು ಒಂದೊಂದನ್ನೇ ಸ್ವಲ್ಪ ನುಡಿಸ್ತೀನಿ. ಯಾರದು, ಏನು ಅಂತ ಕೇಳಬೇಡಿ. ಕಿವಿ ಎಲ್ಲಿ ನಿಲ್ಲುತ್ತೋ ಅಲ್ಲಿ ಸಾಕು ಅನ್ನಿ" ಎಂದರು. ಅಂಗಡಿಯವನು ಸೀರೆ ಬಿಚ್ಚಿ ಬಿಚ್ಚಿ ಹಾಕಿದ ಹಾಗೆ ಹತ್ತು ಹನ್ನೆರಡನ್ನು ತೋರಿಸಿದರು. ಶೂಮನ್ ತನ್ನ ಮಗಳ ಹುಟ್ಟುಹಬ್ಬಕ್ಕೆ ಬರೆದದ್ದರಿಂದ ಒಂದೆರಡು ನುಡಿಸಿದರು, ಮುದ್ದಾಗಿತ್ತು. ಸತಿಯದೊಂದು ತೇಲಿಹೋಯಿತು. ಆಮೇಲೆ ಏನೋ ಒಂದು. ಬಲಗೈ ಅಕ್ಕಪಕ್ಕದ ಎರಡು ಸ್ವರಗಳಲ್ಲೇ ನಿಟ್ಟುಸಿರು ಬಿಟ್ಟಂತೆ ನಿಂತಿದೆ. ಎಡಗೈ ಮೂರು ಮೂರು ಸ್ವರಗಳನ್ನು ಒಟ್ಟಿಗೆ ಮೆಲ್ಲಗೆ ಒತ್ತುತ್ತ, ಮೂರರಲ್ಲಿ ಒಂದನ್ನು ಅರ್ಧ ಸ್ವರ ಕೆಳಗಿಳಿಸಿ, ತಡೆದು, ಇನ್ನೊಂದನ್ನು ಇಳಿಸಿ, ಹೀಗೆ ಕೆಳಗೆ ಕೆಳಗೆ ಹೋಗುತ್ತಿದೆ.

"ಅದು" ಎಂದೆ. ಗಂಟಲು ಕಟ್ಟಿತ್ತು. "ಅದು ಬೇಕು ನಂಗೆ."

ಶೋಪೆನ್‌ನ 24 ಪ್ರಿಲ್ಯೂಡುಗಳಲ್ಲಿ ನಾಲ್ಕನೆಯದು, 1839ರಲ್ಲಿ ಅಚ್ಚಾದದ್ದು. ಹತ್ತು ವರ್ಷದ ನಂತರ ಅವನ ಅಂತ್ಯಕ್ರಿಯೆಯ ದಿನ ಪ್ಯಾರಿಸ್ಸಿನ ಚರ್ಚಿನಲ್ಲಿ ಆರ್ಗನ್ನಿನ ಮೇಲೆ ಇದನ್ನೇ ನುಡಿಸಿದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಸಂಜೆ ನನಗೆ ಕಂಡದ್ದು ನಮ್ಮ ಮನೆಯ ಮುಂದಿನ ಐದು ಮೆಟ್ಟಿಲು. ಕೊನೆಯ ವರ್ಷ ಅಮ್ಮ ಅಂಗಳಕ್ಕೆ ಇಳಿಯುತ್ತಿದ್ದದ್ದು ಹೀಗೆಯೇ. ಗೋಡೆ ಹಿಡಿದು ಒಂದು ಕಾಲು ಇಡುವಳು, ನಿಲ್ಲುವಳು, ಇನ್ನೊಂದು ಕಾಲನ್ನು ಅದೇ ಮೆಟ್ಟಿಲಿಗೆ ತರುವಳು. ಕೆಳಗೆ ನಿಂತ ನಾನು, "ಬೇಗ ಇಳಿಯಮ್ಮಾ, ಒಲೆ ಮೇಲೆ ಹಾಲಿದೆ" ಎನ್ನುತ್ತಿದ್ದೆ.

ಇಡೀ ಕೃತಿ 25 ಅಳತೆ, ಒಂದೇ ಪುಟ. ನೋಡಲು ಏನೂ ಅಲ್ಲ. ಮೂರು ತಿಂಗಳಿಗೆ ಸ್ವರಗಳೆಲ್ಲ ಕೈಗೆ ಬಂದವು. ಆದರೂ ಟೀಚರ್ ಪ್ರತಿ ವಾರ ಒಂದೇ ಮಾತು ಹೇಳಿದರು: "ಎಡಗೈ ಓಡ್ತಾ ಇದೆ. ಅವಸರ ಮಾಡಬೇಡಿ, ಅದು ತಾನಾಗಿ ಇಳಿಯುತ್ತೆ." ನಾನು ತಲೆಯಾಡಿಸುತ್ತಿದ್ದೆ. ಏಕೆ ಓಡುತ್ತದೆಂದು ಅವರಿಗೆ ಹೇಳಲಿಲ್ಲ.

ಮಗಳು ಪಿಯಾನೋ ನುಡಿಸುತ್ತಿದ್ದ ಕಾಲದಲ್ಲಿ ಅಮ್ಮ, "ಪಾಪ, ಈ ಪೆಟ್ಟಿಗೆಗೆ ಗಮಕ ಬರೋಲ್ಲ" ಎಂದು ಮರುಗುತ್ತಿದ್ದಳು. ನಿಜ. ಒತ್ತಿದ ಸ್ವರವನ್ನು ಇಲ್ಲಿ ಎಳೆಯುವಂತಿಲ್ಲ, ಓಲಾಡಿಸುವಂತಿಲ್ಲ. ಒತ್ತಿ, ಅದು ಕರಗುವವರೆಗೆ ಕಾಯಬಹುದು, ಅಷ್ಟೆ. ಕಾಯುವುದನ್ನು ಈಗ ಕಲಿಯುತ್ತಿದ್ದೇನೆ.

ಇದನ್ನು ನಾನು ನಂಟರ ಮುಂದೆ ನುಡಿಸಿಲ್ಲ. ನುಡಿಸುವುದು ಮಧ್ಯಾಹ್ನ ಮೂರಕ್ಕೆ. ಕೃತಿಯ ಕೊನೆಯಲ್ಲೊಂದು ಜಾಗವಿದೆ, ಎಲ್ಲವೂ ನಿಂತುಹೋಗುತ್ತದೆ. ಮೌನ ಎಷ್ಟು ಹೊತ್ತು ಎನ್ನುವುದು ನುಡಿಸುವವರಿಗೆ ಬಿಟ್ಟದ್ದು. ಅದಾದ ಮೇಲೆ ಎರಡೂ ಕೈ ಸೇರಿ ಮೂರು ಸಲ, ತೀರ ಮೆಲ್ಲಗೆ ಒತ್ತಿದರೆ ಮುಗಿಯಿತು. ಆ ಮೌನದಲ್ಲಿ ಮನೆಯವರು ಕೋಣೆಯಿಂದ ಕೇಳುತ್ತಾರೆ: "ಮುಗೀತೇನೇ? ಕಾಫಿಗೆ ಇಡ್ತೀಯಾ?"

"ಇರಿ, ಇನ್ನೂ ಮೂರು ಉಳಿದಿದೆ" ಎನ್ನುತ್ತೇನೆ ನಾನು.