ಇನಿಷಿಯಲ್ ಸೇರಿಸಿಕೊಂಡ ಡೈನೋಸಾರ್

ಹೈದರಾಬಾದಿನಿಂದ ದೆಹಲಿಗೆ ಹೊರಟ ರೈಲು ಕಾಜಿಪೇಟೆ ಬಿಟ್ಟು ಮಂಚೇರ್ಯಾಲದ ಕಡೆ ಸಾಗುವಾಗ ಕಿಟಕಿಯಾಚೆ ಸಿಂಗರೇಣಿಯ ಕಲ್ಲಿದ್ದಲಿನ ಸೀಮೆ. ಚೆನ್ನೈನಿಂದ ದೆಹಲಿಗೆ ಹೋಗುವವರಿಗೂ ಇದೇ ದಾರಿ. ಹೆಚ್ಚಿನವರು ಇಲ್ಲಿ ನಿದ್ದೆಯಲ್ಲಿರುತ್ತಾರೆ. ಇದೇ ಸೀಮೆಯಲ್ಲಿ, ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿ, ಕೆಂಪು ಜೇಡಿಕಲ್ಲಿನ ಪದರಗಳಿವೆ. ಮಾಲೇರಿ ಎಂಬ ಹಳ್ಳಿಯಿಂದಾಗಿ ಭೂವಿಜ್ಞಾನಿಗಳು ಅವನ್ನು ಮಾಲೇರಿ ಶಿಲಾಸ್ತರ ಅನ್ನುತ್ತಾರೆ. ಸುಮಾರು 23 ಕೋಟಿ ವರ್ಷಗಳ ಹಿಂದೆ ನದಿಗಳು ತಂದುಹಾಕಿದ ಕೆಸರು ಅದು. ಆಗ ಡೈನೋಸಾರ್‌ಗಳು ಲೋಕಕ್ಕೆ ಹೊಸಬರು. ಮೊಸಳೆಯ ಬಳಗದ ದೊಡ್ಡ ಪ್ರಾಣಿಗಳ ನಡುವೆ ನುಸುಳಿಕೊಂಡು ಓಡಾಡುತ್ತಿದ್ದ ಸಣ್ಣ ಜೀವಿಗಳು.

ಈ ಕೆಸರಿನಲ್ಲಿ ಹುಡುಕಾಡಿದವರು ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನವರು. ಅಂಕಿಸಂಖ್ಯೆಯ ಸಂಸ್ಥೆಗೂ ಡೈನೋಸಾರ್‌ಗೂ ಏನು ಸಂಬಂಧ? ಸಂಸ್ಥೆ ಕಟ್ಟಿದ ಮಹಲನೋಬಿಸರಿಗೆ ಅಳತೆಗೆ ಸಿಗುವ ಎಲ್ಲದರ ಮೇಲೂ ಕಣ್ಣು. 1950ರ ದಶಕದಲ್ಲಿ ಅವರು ಲಂಡನ್ನಿನಿಂದ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಪಳೆಯುಳಿಕೆಗಳ ಅಧ್ಯಯನಕ್ಕೆ ಬುನಾದಿ ಹಾಕಿಸಿದರು. ಆ ತಂಡದಲ್ಲಿ ಪಳಗಿ ಮುಂದೆ ಅಮೆರಿಕದ ಟೆಕ್ಸಸ್ ಸೇರಿದ ಶಂಕರ್ ಚಟರ್ಜಿ, 1987ರಲ್ಲಿ ಮಾಲೇರಿಯ ಒಂದಷ್ಟು ಚೂರುಪಾರು ಎಲುಬುಗಳಿಗೆ ಹೆಸರಿಟ್ಟರು: ವಾಕೇರಿಯಾ ಮಾಲೇರಿಯೆನ್ಸಿಸ್. ದವಡೆಯ ಮುಂಭಾಗ, ಮುಕ್ಕಾದ 28 ಬೆನ್ನುಮೂಳೆಗಳು, ತೊಡೆಮೂಳೆ, ಹರಡಿನ ಒಂದು ಎಲುಬು. ಮುಂದಿನ ಹಲ್ಲುಗಳು ನೆಟ್ಟಗೆ ಸಣಕಲು, ಪಕ್ಕದವು ಹಿಂದಕ್ಕೆ ಬಾಗಿದವು. ಚಟರ್ಜಿಯವರ ಲೆಕ್ಕದಲ್ಲಿ ಅದು ಆದಿಕಾಲದ ಪುಟ್ಟ ಬೇಟೆಗಾರ.

ಹೆಸರಿನ ‘ವಾಕರ್’ ಬ್ರಿಟನ್ನಿನ ಅಲಿಕ್ ವಾಕರ್. ಸ್ಕಾಟ್ಲೆಂಡಿನ ಎಲ್ಗಿನ್‌ನಲ್ಲಿ ಸಿಕ್ಕ ಇದೇ ಯುಗದ ಸರೀಸೃಪಗಳನ್ನು ಬಹಳ ತಾಳ್ಮೆಯಿಂದ ವಿವರಿಸಿದವರು. ಗೌರವ ಸರಿಯಾದವರಿಗೇ ಸಂದಿತ್ತು. ತೊಡಕು ಬೇರೆ ಕಡೆ ಇತ್ತು. ಪ್ರಾಣಿಲೋಕದಲ್ಲಿ ಒಂದು ಕುಲನಾಮ ಒಂದಕ್ಕೇ, ಮೊದಲು ಪಡೆದವರಿಗೇ. ವಾಕೇರಿಯಾ ಎಂಬ ಹೆಸರನ್ನು 19ನೇ ಶತಮಾನದಲ್ಲೇ ಒಂದು ಬ್ರಯೋಜೋವಾಕ್ಕೆ ಇಟ್ಟಾಗಿತ್ತು. ಸಮುದ್ರದಲ್ಲಿ ಗುಂಪುಗುಂಪಾಗಿ ಅಂಟಿಕೊಂಡು ಬದುಕುವ, ಒಂದೊಂದಾಗಿ ನೋಡಲು ಸೂಕ್ಷ್ಮದರ್ಶಕವೇ ಬೇಕಾಗುವ ಜೀವಿ. ಡೈನೋಸಾರ್ ಎಂಬ ದರ್ಪ ಇಲ್ಲಿ ನಡೆಯುವುದಿಲ್ಲ.

1994ರಲ್ಲಿ ಚಟರ್ಜಿ ಮತ್ತು ಬೆನ್ ಕ್ರೈಸ್ಲರ್ ಹೆಸರನ್ನು ‘ಅಲ್ವಾಕೇರಿಯಾ’ ಎಂದು ತಿದ್ದಿದರು. ಅಲಿಕ್‌ನ ‘ಅಲ್’ ಮುಂದೆ ಬಂತು. ಒಂದೇ ಕ್ಲಾಸಿನಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಕೂಗುತ್ತಾರಲ್ಲ, ಹಾಗೆ. ಇದಕ್ಕಿಂತ ಮರ್ಯಾದೆಯ ತಿದ್ದುಪಡಿ ಸಿಗುವುದು ಕಷ್ಟ. ಆಫ್ರಿಕಾದ ಸಿಂಟಾರ್ಸಸ್‌ಗೆ ಈ ಭಾಗ್ಯವಿರಲಿಲ್ಲ. ಆ ಹೆಸರು ಮೊದಲೇ ಒಂದು ಜೀರುಂಡೆಯದಾಗಿತ್ತು. 2001ರಲ್ಲಿ ಕೀಟತಜ್ಞರೇ ಅದಕ್ಕೆ ಮೆಗಾಪ್ನೋಸಾರಸ್ ಎಂದು ಹೊಸ ಹೆಸರಿಟ್ಟರು. ಅರ್ಥ, ಸತ್ತ ದೊಡ್ಡ ಹಲ್ಲಿ. ತಮಾಷೆಯೇನೋ ಸರಿ, ಪಳೆಯುಳಿಕೆಯವರಿಗೆ ಅದು ರುಚಿಸಲಿಲ್ಲ.

ಹೆಸರಿನ ತಂಟೆ ತೀರಿತು ಅನ್ನುವಷ್ಟರಲ್ಲಿ ಎಲುಬುಗಳ ತಂಟೆ ಎದ್ದಿತು. 2005ರಲ್ಲಿ ಕ್ರಿಸ್ಟಿಯನ್ ರೆಮೆಸ್ ಮತ್ತು ಆಲಿವರ್ ರೌಹುಟ್, ಇವೆಲ್ಲ ಒಂದೇ ಪ್ರಾಣಿಯವಲ್ಲ ಎಂದರು. ಅವರ ಪ್ರಕಾರ ದವಡೆ ಮೊಸಳೆಯ ಬಳಗಕ್ಕೆ ಸೇರಿದ್ದು, ಕೆಲವು ಬೆನ್ನುಮೂಳೆಗಳು ಇನ್ನಾವುದೋ ಸರೀಸೃಪದವು. ಡೈನೋಸಾರಿನದೆಂದು ಧೈರ್ಯವಾಗಿ ಹೇಳಬಹುದಾದವು ತೊಡೆಮೂಳೆ ಮತ್ತು ಹರಡಿನ ಎಲುಬು. ಹರಡು ಚಿಕ್ಕದಾದರೂ ಒಳ್ಳೆಯ ಸಾಕ್ಷಿ: ಡೈನೋಸಾರಿನ ಪಾದ ಬಾಗಿಲ ಕೀಲಿನಂತೆ ಹಿಂದೆಮುಂದೆ ಮಾತ್ರ ಮಡಚುತ್ತದೆ, ಮೊಸಳೆಯ ಪಾದ ಹೊರಳುತ್ತದೆ. ಆದರೆ ದವಡೆ ಹೋದರೆ ಹಲ್ಲೂ ಹೋಯಿತು. ಬೇಟೆಯಾಡುತ್ತಿತ್ತು, ಎರಡೂ ಬಗೆಯ ಆಹಾರ ತಿನ್ನುತ್ತಿತ್ತು ಎಂದು ಆವರೆಗೆ ಬರೆದದ್ದೆಲ್ಲ ಆ ಹಲ್ಲುಗಳ ಭರವಸೆಯ ಮೇಲೆ. ಈಗ ಉಳಿದಿರುವುದು ಓಡಲು ಬಲ್ಲ ಒಂದು ಕಾಲು, ಜೊತೆಗೆ ಜೋಪಾನವಾಗಿ ತಿದ್ದಿಕೊಂಡ ಒಂದು ಹೆಸರು.

2011ರಲ್ಲಿ ಮಾಲೇರಿಯದೇ ಮೇಲಿನ ಪದರಗಳ ಇನ್ನೆರಡು ಡೈನೋಸಾರ್‌ಗಳಿಗೆ ನಾಮಕರಣವಾಯಿತು. ಹೆಸರಿಟ್ಟವರಲ್ಲಿ ಚಟರ್ಜಿಯೂ ಒಬ್ಬರು. ಈ ಸಲ ಊರುಗಳ ಹೆಸರು: ನಂಬಾಲಿಯಾ, ಜಕ್ಲಪಲ್ಲಿಸಾರಸ್. ನಂಬಾಲದ ಹೆಸರನ್ನು ಯಾವ ಸಮುದ್ರಜೀವಿಗೂ ಯಾರೂ ಇಟ್ಟಿರಲಿಲ್ಲ.