ಕೇಸಿದ್ದರೆ ಕೋರ್ಟು ನೋಡಿಕೊಳ್ಳಲಿ

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಕಾನೂನು ಓದುತ್ತಿರುವ ಮಗಳು ಕೇಳಿದಳು: ‘ಅಪ್ಪಾ, ಬೇರೆ ದೇಶಗಳಲ್ಲಿ ಮಾಜಿ ಅಧ್ಯಕ್ಷರು, ಮಾಜಿ ಪ್ರಧಾನಿಗಳ ಮೇಲೆಲ್ಲ ಕ್ರಿಮಿನಲ್ ಕೇಸು ಹಾಕ್ತಾರಲ್ಲ, ನಮ್ಮಲ್ಲಿ ಹಾಗೆ ಆಗಿದ್ದುಂಟಾ?’

‘ಉಂಟು. ನಮ್ಮ ಚಿಕ್ಕಮಗಳೂರಿಂದ ಗೆದ್ದು ಹೋದವರೇ ತಿಹಾರ್ ಜೈಲಿಗೂ ಹೋಗಿ ಬಂದರು’ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಊಟ ಮುಗಿಸಿ ಅಟ್ಟ ಹತ್ತಿ, ನನ್ನ ತಂದೆ ಬಿಟ್ಟುಹೋದ ಒಂದು ಹಳೆಯ ಪುಸ್ತಕವನ್ನು ಧೂಳು ಕೊಡವಿ ಕೆಳಗಿಳಿಸಿದೆ.

ಅಪ್ಪ ಮೂಡಿಗೆರೆ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಅಲ್ಲಿಗೆ ಪತ್ರಿಕೆ ಬರುತ್ತಿದ್ದದ್ದು ಮಧ್ಯಾಹ್ನದ ಬಸ್ಸಿಗೆ. ಸಂಜೆ ಓದಿ ಮುಗಿಸಿ, ಬೇಕಾದ ಸುದ್ದಿಯನ್ನು ಕತ್ತರಿಸಿ, ಹಳೆಯ ಹಾಜರಿ ಪುಸ್ತಕವೊಂದಕ್ಕೆ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಪುಸ್ತಕದ ಮೇಲೆ ಅವರ ದುಂಡು ಅಕ್ಷರದಲ್ಲಿ ‘ಷಾ ಆಯೋಗ’ ಎಂದಿದೆ. ಕೊನೆಯ ನಾಲ್ಕು ಹಾಳೆಗಳನ್ನು ಖಾಲಿ ಬಿಟ್ಟು, ಅವುಗಳ ನೆತ್ತಿಯಲ್ಲಿ ‘ತೀರ್ಪು’ ಎಂದು ಬರೆದಿಟ್ಟಿದ್ದರು. ಆ ಹಾಳೆಗಳು ಇಂದಿಗೂ ಖಾಲಿಯಾಗಿಯೇ ಇವೆ. ಮಗಳ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ ಎಂದು ನನಗನಿಸುತ್ತದೆ.

ಇಂದಿನ ವಿದ್ಯಾರ್ಥಿಗಳಿಗಾಗಿ ಕತೆಯನ್ನು ಮೊದಲಿಂದ ಹೇಳಬೇಕು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುವೆಂದು ಸಾರಿದರು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಮುಂದಿನ ಇಪ್ಪತ್ತೊಂದು ತಿಂಗಳಲ್ಲಿ ವಿಚಾರಣೆಯಿಲ್ಲದೆ ಹಾಗೂ ತುರ್ತು ನಿಯಮಗಳ ಅಡಿಯಲ್ಲಿ ಒಳಗೆ ಹಾಕಲ್ಪಟ್ಟವರು 1 ಲಕ್ಷಕ್ಕೂ ಹೆಚ್ಚು ಜನ. ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರು ನಮ್ಮ ಬೆಂಗಳೂರಿನ ಜೈಲಿನಲ್ಲೇ ಇದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರೂ ಅದೇ ಜೈಲಿನಲ್ಲಿದ್ದರು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಮನೆಗೆ ಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಆ ಕಾಲದ ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಸಂವಿಧಾನದ 361ನೇ ವಿಧಿ ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಅಧಿಕಾರದಲ್ಲಿರುವಷ್ಟು ಕಾಲ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಪ್ರಧಾನಿಗೆ ಆ ರಕ್ಷಣೆ ಇಲ್ಲ. 1975ರ ಆಗಸ್ಟಿನಲ್ಲಿ, ಪ್ರಧಾನಿಯ ಮೇಲೆ ಜೀವಮಾನವಿಡೀ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ ಎನ್ನುವ ತಿದ್ದುಪಡಿ ಮಸೂದೆಯೊಂದು ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆಯಲ್ಲಿ ಮಾತ್ರ ಅದು ಪಾಸಾಗಲೇ ಇಲ್ಲ. ಪಾಸಾಗಿದ್ದರೆ ನನ್ನ ಮಗಳ ಪ್ರಶ್ನೆಗೆ ‘ಇಲ್ಲ’ ಎಂಬ ಒಂದೇ ಪದದ ಉತ್ತರವಿರುತ್ತಿತ್ತು.

1977ರ ಮಾರ್ಚಿನಲ್ಲಿ ಚುನಾವಣೆ ನಡೆದು, ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತರು. ಜನತಾ ಸರ್ಕಾರ ಬಂತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ಕೂತಿತು. ಅಪ್ಪ ಕತ್ತರಿ ಹಿಡಿದದ್ದು ಆಗ. ಒಬ್ಬೊಬ್ಬರೇ ಅಧಿಕಾರಿ ಬಂದು ಯಾರು ಹೇಳಿದರು, ಯಾವ ಕಾಗದಕ್ಕೆ ಸಹಿ ಹಾಕಿದೆ ಎಂದು ಹೇಳುತ್ತಿದ್ದುದನ್ನು ಅವರು ದಿನದಿನವೂ ಓದುತ್ತಿದ್ದರು. ಆದರೆ ಆಯೋಗವೆಂದರೆ ಕೋರ್ಟಲ್ಲ. ಅದು ಸತ್ಯಾಂಶವನ್ನು ಕಲೆಹಾಕಿ ವರದಿ ಕೊಡಬಹುದು, ಶಿಕ್ಷೆ ಕೊಡಲಾರದು. ಶಿಕ್ಷೆಗೆ ಬೇರೆ ಮೊಕದ್ದಮೆಯೇ ಬೇಕು.

ಸರ್ಕಾರಕ್ಕೆ ಆ ವರದಿ ಬರುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. 1977ರ ಅಕ್ಟೋಬರ್ 3ರ ಸಂಜೆ ಸಿಬಿಐ ಅಧಿಕಾರಿಗಳು ಇಂದಿರಾ ಗಾಂಧಿಯವರ ಮನೆ ಬಾಗಿಲಿಗೆ ಬಂದರು. ಆರೋಪ ತುರ್ತು ಪರಿಸ್ಥಿತಿಯ ಬಂಧನಗಳದ್ದಲ್ಲ. ಚುನಾವಣಾ ಪ್ರಚಾರಕ್ಕೆ ಜೀಪುಗಳನ್ನು ಪಡೆದದ್ದು ಮತ್ತು ಒಂದು ತೈಲ ಗುತ್ತಿಗೆಯ ವಿಚಾರ. ‘ಕೈಗೆ ಕೋಳ ತೊಡಿಸಿ’ ಎಂದು ಆಕೆ ಪಟ್ಟು ಹಿಡಿದರು. ಅಷ್ಟರಲ್ಲಿ ಪತ್ರಕರ್ತರು, ಬೆಂಬಲಿಗರು ನೆರೆದಿದ್ದರು. ಹರಿಯಾಣದ ಬಡಖಲ್ ಕಡೆಗೆ ಹೊರಟ ವಾಹನಗಳ ಸಾಲು ರೈಲ್ವೆ ಗೇಟಿನ ಬಳಿ ನಿಂತಾಗ, ಆಕೆ ಇಳಿದು ರಸ್ತೆ ಬದಿಯ ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಅನುಮತಿಯಿಲ್ಲದೆ ದೆಹಲಿಯ ಗಡಿ ದಾಟಿಸುವಂತಿಲ್ಲ ಎಂದು ವಕೀಲರು ತಕರಾರು ತೆಗೆದರು. ಪೊಲೀಸರು ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು. ಮರುದಿನ ಮ್ಯಾಜಿಸ್ಟ್ರೇಟರು ಕೇಳಿದ್ದು, ಆರೋಪಕ್ಕೆ ಆಧಾರವೆಲ್ಲಿ ಎಂದು. ಬಂಧನದಲ್ಲಿಡಲು ತಕ್ಕ ಆಧಾರವಿಲ್ಲವೆಂದು ಬಿಡುಗಡೆಗೆ ಆಜ್ಞೆ ಮಾಡಿದರು.

ಆ ಸುದ್ದಿಯ ಪಕ್ಕದಲ್ಲಿ ಅಪ್ಪ ಕೆಂಪು ಶಾಯಿಯಲ್ಲಿ ‘ಲೆಕ್ಕ ಸರಿ, ಕ್ರಮ ತಪ್ಪು’ ಎಂದು ಬರೆದಿದ್ದಾರೆ. ಗಣಿತದ ಮೇಷ್ಟ್ರ ಷರಾ ಅದು. ಉತ್ತರ ಗೊತ್ತಿದೆಯೆಂದು ಕ್ರಮ ಬಿಟ್ಟು ಬರೆದ ಹುಡುಗನಿಗೆ ಅವರು ಯಾವತ್ತೂ ಅಂಕ ಕೊಡುತ್ತಿರಲಿಲ್ಲ. ಆ ಮ್ಯಾಜಿಸ್ಟ್ರೇಟರೂ ಕೊಡಲಿಲ್ಲ.

ಒಂದು ವರ್ಷ ಕಳೆಯುವುದರೊಳಗೆ ಕತೆ ನಮ್ಮ ಅಂಗಳಕ್ಕೇ ಬಂತು. ಸಂಸದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಚಿಕ್ಕಮಗಳೂರು ಕ್ಷೇತ್ರವನ್ನು ತೆರವು ಮಾಡಿದರು. 1978ರ ನವೆಂಬರಿನ ಉಪಚುನಾವಣೆಗೆ ಇಂದಿರಾ ಗಾಂಧಿಯವರು ನಿಂತರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ನನಗಾಗ ಹತ್ತು ವರ್ಷ. ಕಾಫಿ ತೋಟಗಳ ನಡುವಿನ ಮಣ್ಣು ರಸ್ತೆಯಲ್ಲಿ ಅಷ್ಟೊಂದು ಜೀಪುಗಳನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ.

ಮನೆಯೊಳಗೆ ಬೇರೆಯೇ ಚುನಾವಣೆ ನಡೆದಿತ್ತು. ದೇವರಾಜ ಅರಸರ ಭೂಸುಧಾರಣೆಯಲ್ಲಿ ನಮ್ಮ ಗೇಣಿ ಗದ್ದೆ ನಮ್ಮದೇ ಆಗಿತ್ತು. ಅಜ್ಜಿಯ ಲೆಕ್ಕದಲ್ಲಿ ಅರಸರೂ ಇಂದಿರಮ್ಮನೂ ಬೇರೆಯಲ್ಲ. ಅಪ್ಪ ಹಾಜರಿ ಪುಸ್ತಕ ಹಿಡಿದು, ‘ಅವ್ವಾ, ಇವರ ಮೇಲೆ ಎಂಥೆಂಥ ಆರೋಪ ಇದೆ ಗೊತ್ತಾ? ಗೊತ್ತಿದ್ದೂ ವೋಟು ಹಾಕ್ತೀಯಾ?’ ಎಂದು ಒಂದೊಂದೇ ಸುದ್ದಿ ಓದಿ ಹೇಳಿದರು. ಅಜ್ಜಿ ಅಡಿಕೆ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ, ‘ಗದ್ದೆ ನಮ್ದಾಯ್ತಲ್ಲ, ನನ್ನ ವೋಟು ಅದಕ್ಕೆ. ಕೇಸಿದ್ರೆ ಕೋರ್ಟು ನೋಡ್ಕಳ್ಳಿ ಮಗ. ಅದನ್ಯಾಕೆ ನನ್ನ ಹತ್ರ ಕೇಳ್ತೀಯ?’ ಎಂದಳು. ಅಪ್ಪ ಸಿಟ್ಟಿನಿಂದ ಎದ್ದು ಹೊರಗೆ ಹೋದರು.

ಇಂದಿರಾ ಗಾಂಧಿಯವರು 70,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆ ಗೆಲುವಿನಿಂದ ಅವರು ನಿರ್ದೋಷಿಯೆಂದು ತೀರ್ಮಾನವಾಯಿತೆಂದು ಅವರ ಕಡೆಯವರು ಕುಣಿದರು. ಅಜ್ಜಿ ಹಾಗೆ ಹೇಳಿರಲಿಲ್ಲ ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು. ವೋಟು ಬೇರೆ, ತೀರ್ಪು ಬೇರೆ ಎಂಬುದು ಅಕ್ಷರ ಬಾರದ ಅವಳಿಗೆ ಸ್ಪಷ್ಟವಾಗಿತ್ತು.

ದೆಹಲಿಯಲ್ಲಿದ್ದವರಿಗೆ ಅಷ್ಟು ಸ್ಪಷ್ಟವಾಗಿರಲಿಲ್ಲ. 1978ರ ಡಿಸೆಂಬರ್ 19ರಂದು ಲೋಕಸಭೆ ಆಕೆಯನ್ನು ಹಕ್ಕುಚ್ಯುತಿಗಾಗಿ ಸದಸ್ಯತ್ವದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು. ಮಾರುತಿ ಕಂಪನಿಯ ಬಗ್ಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬುದು ಆರೋಪ. ಆರೋಪಿಯ ರಾಜಕೀಯ ವಿರೋಧಿಗಳೇ ಅಲ್ಲಿ ತೀರ್ಪುಗಾರರು. ಒಂದು ವಾರ ತಿಹಾರ್‌ನಲ್ಲಿದ್ದು ಆಕೆ ಹೊರಬಂದರು. ಈ ನಡುವೆ ಇಬ್ಬರು ಯುವಕರು ಆಕೆಯ ಬಿಡುಗಡೆಗಾಗಿ ವಿಮಾನವನ್ನೇ ಅಪಹರಿಸಿದ್ದರು. 1980ರಲ್ಲಿ ಅವರಿಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದರು. 1981ರಲ್ಲಿ ಹೊಸ ಲೋಕಸಭೆ ಉಚ್ಚಾಟನೆಯ ನಿರ್ಣಯವನ್ನೇ ರದ್ದುಮಾಡಿತು. ಬಹುಮತ ಕೊಟ್ಟ ಶಿಕ್ಷೆಯನ್ನು ಬಹುಮತವೇ ಅಳಿಸಿತು.

ಕೊನೆಗೆ ಸರಿಯಾದ ದಾರಿ ಹಿಡಿದದ್ದು 1979ರಲ್ಲಿ. ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿಯೇ ವಿಶೇಷ ನ್ಯಾಯಾಲಯಗಳ ಕಾಯ್ದೆಯನ್ನು ತಂದರು. ಆದರೆ ಅದರ ಬೆನ್ನಲ್ಲೇ ಜನತಾ ಪಕ್ಷವೇ ಒಡೆಯಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು 353 ಸ್ಥಾನ ಗೆದ್ದು ಮರಳಿದರು. ಮೊಕದ್ದಮೆಗಳು ಬಿದ್ದುಹೋದವು. ಕಾಯ್ದೆಯೂ 1982ರಲ್ಲಿ ರದ್ದಾಯಿತು.

ಅಪ್ಪನ ಪುಸ್ತಕದ ಕೊನೆಯ ಹಾಳೆಗಳು ಖಾಲಿ ಉಳಿದದ್ದು ಹೀಗೆ. ಇದರಲ್ಲಿ ಗೆದ್ದವರು ಯಾರು? ಜೈಲಿನಲ್ಲಿ ಉಸಿರಿಗಾಗಿ ಒದ್ದಾಡಿದ ಸ್ನೇಹಲತಾ ರೆಡ್ಡಿಯವರ ಕಷ್ಟಕ್ಕೆ ಯಾರು ಹೊಣೆ ಎಂದು ಯಾವ ಕೋರ್ಟೂ ಹೇಳಲಿಲ್ಲ. ಇಂದಿರಾ ಗಾಂಧಿಯವರಿಗೂ ಪೂರ್ಣ ವಿಚಾರಣೆ ನಡೆದು ಕೋರ್ಟಿನಿಂದ ಬರುವ ತೀರ್ಪು ಸಿಗಲಿಲ್ಲ. ಅವರನ್ನು ಮೆಚ್ಚುವವರು ಇಂದಿಗೂ ‘ಸೇಡು’ ಎನ್ನುತ್ತಾರೆ, ದೂರುವವರು ‘ಪಾರಾದರು’ ಎನ್ನುತ್ತಾರೆ. ಎರಡು ಮಾತಿಗೂ ಮುಕ್ತಾಯವಿಲ್ಲ.

‘ಹಾಗಾದರೆ ಸುಮ್ಮನೆ ಬಿಟ್ಟುಬಿಡಬೇಕಿತ್ತಾ?’ ಎಂದಳು ಮಗಳು. ಬಿಟ್ಟವರೂ ಇದ್ದಾರೆ. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್, ವಾಟರ್‌ಗೇಟ್ ಹಗರಣದಲ್ಲಿ ಅಧಿಕಾರ ಬಿಟ್ಟಿಳಿದ ನಿಕ್ಸನ್ನರಿಗೆ ಮೊಕದ್ದಮೆ ಶುರುವಾಗುವ ಮೊದಲೇ ಕ್ಷಮಾದಾನ ಕೊಟ್ಟರು. ದೇಶದ ಗಾಯ ಮಾಯಲಿ ಎಂಬುದು ಅವರ ಕಾರಣ. ಆದರೆ ಅಲ್ಲಿಯೂ ಕೊನೆಯ ಹಾಳೆ ಖಾಲಿಯೇ ಉಳಿಯಿತು.

ಹಾಳೆ ತುಂಬಿದ ಒಂದು ನಿದರ್ಶನ ನಮ್ಮಲ್ಲೇ ಇದೆ. 1993ರ ಜುಲೈಯಲ್ಲಿ ಅವಿಶ್ವಾಸ ಗೊತ್ತುವಳಿಯಿಂದ ಪಾರಾಗಲು ಝಾರ್ಖಂಡ್ ಮುಕ್ತಿ ಮೋರ್ಚಾ ಸಂಸದರಿಗೆ ಲಂಚ ಕೊಟ್ಟ ಆರೋಪ ಪಿ.ವಿ. ನರಸಿಂಹರಾಯರ ಮೇಲೆ ಬಂತು. ಅಧಿಕಾರ ಹೋದ ಮೇಲೆ ಅವರು ಎಲ್ಲರಂತೆ ಕೋರ್ಟಿಗೆ ಅಲೆದರು. 2000ದ ಸೆಪ್ಟೆಂಬರಿನಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಹೇಳಿ, ಮುಂದಿನ ತಿಂಗಳು ಮೂರು ವರ್ಷ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಹೋದರು. ಮಾಫಿ ಸಾಕ್ಷಿಯ ಮಾತು ನಂಬಲರ್ಹವಲ್ಲವೆಂದು ಕಂಡ ದೆಹಲಿ ಹೈಕೋರ್ಟ್ 2002ರ ಮಾರ್ಚಿನಲ್ಲಿ ಅವರನ್ನು ದೋಷಮುಕ್ತಗೊಳಿಸಿತು. ಒಂಬತ್ತು ವರ್ಷ ಹಿಡಿಯಿತು, ನಿಜ. ಆದರೆ ಯಾರೂ ವಿಮಾನ ಅಪಹರಿಸಲಿಲ್ಲ. ಶಿಕ್ಷೆಯಾದಾಗ ದೇಶ ಮುಳುಗಲಿಲ್ಲ, ಬಿಡುಗಡೆಯಾದಾಗಲೂ ಮುಳುಗಲಿಲ್ಲ.

‘ಹಾಗಾದರೆ ಅಜ್ಜ ಸರಿಯಾ, ಮುತ್ತಜ್ಜಿ ಸರಿಯಾ?’ ಎಂದು ಮಗಳು ನಕ್ಕಳು. ಆರೋಪವನ್ನು ಮರೆಯಬಾರದು ಎಂದು ಪುಸ್ತಕ ತುಂಬಿದ ಅಪ್ಪ ಸರಿ. ಅದರ ತೀರ್ಪನ್ನು ತನ್ನ ವೋಟಿನಲ್ಲಿ ಹುಡುಕಬೇಡ ಎಂದ ಅಜ್ಜಿಯೂ ಸರಿ. ತಪ್ಪಿದ್ದು, ಅವರಿಬ್ಬರೂ ನಂಬಿದ ಕೋರ್ಟಿಗೆ ಕೇಸನ್ನು ನೆಟ್ಟಗೆ ತಲುಪಿಸದವರದ್ದು.

ಅಜ್ಜಿ ತೀರಿಕೊಳ್ಳುವ ಮುಂಚೆ ಒಂದು ದಿನ, ಹಾಜರಿ ಪುಸ್ತಕದ ಧೂಳು ಒರೆಸುತ್ತಿದ್ದ ಅಪ್ಪನನ್ನು, ‘ಆ ಕೇಸು ಏನಾಯ್ತು ಮಗ?’ ಎಂದು ಕೇಳಿದ್ದಳು. ‘ಏನೂ ಆಗ್ಲಿಲ್ಲ ಅವ್ವ’ ಎಂದರು ಅಪ್ಪ. ‘ಅಯ್ಯೋ, ಹಂಗಾಗಬಾರ್ದಿತ್ತು’ ಎಂದಳು ಅಜ್ಜಿ, ಇಂದಿರಮ್ಮನಿಗೇ ವೋಟು ಹಾಕಿದ್ದ ಅಜ್ಜಿ.

ಪುಸ್ತಕವನ್ನು ಮಗಳು ಈಗ ಹಾಸ್ಟೆಲ್ಲಿಗೆ ಒಯ್ದಿದ್ದಾಳೆ. ಖಾಲಿ ಹಾಳೆಗಳನ್ನು ಹರಿಯಬೇಡ ಎಂದು ಹೇಳಿ ಕಳಿಸಿದ್ದೇನೆ.