ಬಣ್ಣದಲ್ಲೇ ಹುಟ್ಟಿದ ಸೂರ್ಯ

ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರದಲ್ಲಿ ಸೂರ್ಯನೆಂದರೆ ಒಂದು ಕಿತ್ತಳೆ ಬೊಟ್ಟು, ಅಷ್ಟೇ. ಸುತ್ತ ಬೂದು ಬೆರೆತ ನೀಲಿ ಮಂಜು, ಮುಂದೆ ಪುಟ್ಟ ದೋಣಿಗಳು, ಹಿಂದೆ ಹಡಗುಗಳ ಕಂಬಗಳು, ಹೊಗೆ. ಎಲ್ಲಿ ನೋಡಹೊರಟರೂ ಕಣ್ಣು ಮಾತ್ರ ಆ ಬೊಟ್ಟಿಗೇ ಮರಳುತ್ತದೆ. ಅದು ಉರಿಯುತ್ತಿದೆ, ಸಣ್ಣಗೆ ಮಿಡಿಯುತ್ತಿದೆ ಅನ್ನಿಸುತ್ತದೆ.

ಕುತೂಹಲದಿಂದ ಒಮ್ಮೆ ಫೋನಿನಲ್ಲಿ ಆ ಚಿತ್ರವನ್ನು ಕಪ್ಪು ಬಿಳುಪಾಗಿಸಿದೆ. ದೋಣಿ ಉಳಿಯಿತು, ಅಲೆ ಉಳಿಯಿತು, ಸೂರ್ಯ ಮಾತ್ರ ಆಕಾಶದಲ್ಲಿ ಕರಗಿಹೋದ! ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದರ ಗುಟ್ಟನ್ನು ಬಿಡಿಸಿದ್ದಾರೆ. ನಿಜವಾದ ಸೂರ್ಯ ಆಕಾಶಕ್ಕಿಂತ ಎಷ್ಟೋ ಪಾಲು ಪ್ರಖರ. ಮೊನೆಯ ಸೂರ್ಯನ ಹೊಳಪು ಸುತ್ತಣ ಮೋಡದ ಹೊಳಪಿಗೆ ಹೆಚ್ಚುಕಡಿಮೆ ಸಮ; ಬೇರೆಯಾಗಿರುವುದು ಬಣ್ಣವೊಂದೇ. ಮಿದುಳಿನಲ್ಲಿ ಬಣ್ಣವನ್ನು ಗುರುತಿಸುವ ಭಾಗಕ್ಕೆ ಈ ಸೂರ್ಯ ಸ್ಪಷ್ಟವಾಗಿ ಕಾಣುತ್ತಾನೆ. ವಸ್ತು ಎಲ್ಲಿದೆಯೆಂದು ಬೆಳಕಿನ ಏರಿಳಿತದಿಂದ ಅಳೆಯುವ ಭಾಗಕ್ಕೆ ಅವನು ಸಿಗುವುದೇ ಇಲ್ಲ. ಆದ್ದರಿಂದಲೇ ಆ ಮಿಡಿತ.

ಕುಂಚದ ನಡೆಯೂ ಇದಕ್ಕೆ ಒದಗಿ ಬಂದಿದೆ. ಮಂಜಿನ ಜಾಗದಲ್ಲಿ ಬಣ್ಣ ತೆಳು. ಸೂರ್ಯನಿಗೂ ನೀರಿನಲ್ಲಿ ಬಿದ್ದ ಅವನ ಬಿಂಬಕ್ಕೂ ಬಣ್ಣ ದಪ್ಪ, ಎಳೆದ ಗುರುತು ಎದ್ದು ಕಾಣುವಷ್ಟು. 1874ರ ಪ್ಯಾರಿಸ್ ಪ್ರದರ್ಶನದಲ್ಲಿ ವಿಮರ್ಶಕ ಲೂಯಿ ಲೆರುವಾ ಈ ಚಿತ್ರವನ್ನು ಮುಗಿಯದ ಕೆಲಸವೆಂದು ಗೇಲಿ ಮಾಡಿದ. ನನಗೋ ಆ ಅಪೂರ್ಣತೆಯೇ ಸರಿಯೆನಿಸುತ್ತದೆ. ಆಗಷ್ಟೇ ಬೆಳಗಾಗುತ್ತಿರುವ ಹೊತ್ತಿನಲ್ಲಿ ಯಾವುದಕ್ಕೆ ತಾನೆ ಖಚಿತವಾದ ಅಂಚಿರುತ್ತದೆ?

ಚಿತ್ರದಲ್ಲಿರುವುದು ಮೊನೆ ಬೆಳೆದ ಊರಾದ ಲ ಆವ್ರ್‌ನ ಬಂದರು. ಅವನು ಅದರ ಮೇಲೆ ಬರೆದ ವರ್ಷ 1872. ಪ್ರಷ್ಯಾದೆದುರು ಫ್ರಾನ್ಸ್ ಸೋತು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಹಾಗಾಗಿ ಈ ಹೊಗೆ, ಈ ಹಡಗು, ಈ ಉದಯವನ್ನು ದೇಶ ಮತ್ತೆ ಎದ್ದು ನಿಲ್ಲುವುದರ ಸಂಕೇತವೆಂದು ಓದಿದವರಿದ್ದಾರೆ. ನಾನೂ ಒಪ್ಪುತ್ತೇನೆ, ಆದರೆ ಇತಿಹಾಸ ಓದಿಕೊಂಡದ್ದರಿಂದಲ್ಲ, ಆ ಬೊಟ್ಟನ್ನು ನೋಡಿದ್ದರಿಂದ. ಬರೀ ಸಂಕೇತ ಬೇಕಿದ್ದವನು ಮಂಜನ್ನು ಸೀಳುವ ಹಳದಿ ಕಿರಣಗಳನ್ನು ಬರೆಯುತ್ತಿದ್ದ. ಮೊನೆ ಹಾಗೆ ಮಾಡಲಿಲ್ಲ. ಅವನ ಸೂರ್ಯ ಮಂಜನ್ನು ಸೋಲಿಸುವುದಿಲ್ಲ, ಅದಕ್ಕಿಂತ ಹೆಚ್ಚು ಹೊಳೆಯುವುದೂ ಇಲ್ಲ. ಅದರ ನಡುವೆಯೇ ತನ್ನ ಬಣ್ಣ ಬಿಟ್ಟುಕೊಡದೆ ಇರುತ್ತಾನೆ. ಸೋತ ದೇಶವೊಂದರಲ್ಲಿ ಭರವಸೆ ಬರುವುದು ಹೀಗೆಯೇ ಎಂದು ನಾನು ನಂಬುತ್ತೇನೆ. ಅದಕ್ಕೆ ಗೆಲ್ಲುವ ಬಲ ಆಮೇಲೆ ಬಂದೀತು. ಮೊದಲು ಬೇಕಾದದ್ದು ಸುತ್ತಲಿನ ಬೂದಿಗೆ ಬೆರೆತುಹೋಗದ ಹಟ.